ಇವರು ಗಡ್ಡ ಮಾಡಿಕೊಂಡು ಮುಗಿಸುವವರೆಗೆ

ಅಪ್ಪ ಕೇಕಿನ ತುಂಡೊಂದನ್ನು ಬಾಯಿಗಿಟ್ಟು, "ಚೆನ್ನಾಗಿದೆ" ಎಂದರು. ನನ್ನ ಎದೆ ಧಸಕ್ಕೆಂದಿತು.

ನಲವತ್ತು ವರ್ಷ ಅಮ್ಮನ ಅಡುಗೆಯಲ್ಲಿ ಹುಳುಕು ಹುಡುಕುತ್ತಲೇ ಮೂರು ಹೊತ್ತು ಉಂಡ ಮಹಾನುಭಾವರು ಇವರು. ಉಪ್ಪು ಸಾಲದು, ಹುಳಿ ಜಾಸ್ತಿ ಎಂದು ಗೊಣಗುತ್ತಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಅಂಥವರು "ಚೆನ್ನಾಗಿದೆ" ಎಂದು ತಟ್ಟೆ ಸರಿಸಿದರೆ ಏನು ತಿಳಿಯಬೇಕು? ಅಮ್ಮ ಹೋಗಿ ಮೂರು ತಿಂಗಳಾಗಿತ್ತು. ಅಪ್ಪನ ಗಡಿಯಾರ ರಿಪೇರಿ ಅಂಗಡಿಗೆ ಬೀಗ ಬಿದ್ದಿತ್ತು, ಮುಖದ ತುಂಬ ಗಡ್ಡ, ಊಟವೋ ಗುಬ್ಬಿಗೂ ಸಾಲದಷ್ಟು. ಏನು ತಿನ್ನುತ್ತೀರಿ ಎಂದು ಕೇಳಿ ಕೇಳಿ ನನಗೆ ಸಾಕಾದ ಮೇಲೆ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರು: "ಅವಳ ಆ ಕಿತ್ತಳೆ ಸಿಪ್ಪೆ ಕೇಕು." ಅದನ್ನೇ ನಾನು ಆ ವಾರದಲ್ಲಿ ನಾಲ್ಕನೇ ಸಲ ಕೆಡಿಸಿದ್ದೆ. ಸೋಮವಾರ ನನ್ನ ಊರಿಗೆ ಹೊರಡಲೇಬೇಕು. ನನ್ನ ಟೈಲರ್ ಅಂಗಡಿಯಲ್ಲಿ ಹೊಲಿಯಬೇಕಾದ ಬಟ್ಟೆ ಗುಡ್ಡೆ ಬಿದ್ದಿತ್ತು. ಇವರನ್ನು ಹೀಗೆ ಬಿಟ್ಟು ಹೊರಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ತಪ್ಪು ನನ್ನದಲ್ಲ, ಅಮ್ಮನ ಅಡುಗೆ ಪುಸ್ತಕದ್ದು. ಅದರ ಮೊದಲ ಪುಟಗಳನ್ನು ಅಪ್ಪನ ತಾಯಿ ಬರೆದಿದ್ದಳು. "ಗಿರಣಿಯ ಸೈರನ್ ಕೂಗುವವರೆಗೆ ಬೇಯಿಸು" ಎಂದಿದ್ದಳು ಅಜ್ಜಿ. ಆ ಗಿರಣಿ ಮುಚ್ಚಿ ನನ್ನ ವಯಸ್ಸಿನಷ್ಟು ವರ್ಷಗಳಾದವು. ಆಮೇಲಿನದು ಅಮ್ಮನ ಕೈಬರಹ. ಸೂಪಿಗೆ, "ಪೋಸ್ಟ್‌ಮನ್ ಮೇಲಿನ ಮಹಡಿಗೆ ಹೋಗಿ ಇಳಿಯುವವರೆಗೆ." ಮೊಟ್ಟೆ ಕಡೆಯುವುದಕ್ಕೆ, "ಪಕ್ಕದ ಮನೆಯ ಟೈಪಿಸ್ಟ್ ಒಂದು ಪುಟ ಮುಗಿಸುವವರೆಗೆ." ಅರ್ಧ ಇಂಚು ಹೆಚ್ಚುಕಡಿಮೆಯಾದರೆ ನಿದ್ದೆ ಬಾರದ ನನ್ನಂಥವಳ ಕೈಗೆ ಇಂಥ ಪುಸ್ತಕ ಕೊಟ್ಟರೆ ತಲೆ ಚಿಟ್ಟು ಹಿಡಿಯದೆ ಇನ್ನೇನಾದೀತು!

ಅಮ್ಮನನ್ನೂ ದೂರುವ ಹಾಗಿಲ್ಲ. ಗಡಿಯಾರ ರಿಪೇರಿಯವರ ಮನೆ ನಮ್ಮದು. ಗೋಡೆಯ ಮೇಲೆ ಹನ್ನೊಂದು ಗಡಿಯಾರ, ಎಲ್ಲವೂ ಊರವರವು, ಎಲ್ಲವೂ ಕೆಟ್ಟವು. ಒಂದರಲ್ಲಿ ಬೆಳಗಾದರೆ ಇನ್ನೊಂದರಲ್ಲಿ ಮಧ್ಯಾಹ್ನ. ಸರಿಯಾದ ಗಡಿಯಾರ ನಮ್ಮ ಮನೆಯಲ್ಲಿ ಒಂದು ದಿನವೂ ನಿಲ್ಲಲಿಲ್ಲ, ಸರಿಯಾದ ಕೂಡಲೇ ಅದರ ಯಜಮಾನ ಬಂದು ಎತ್ತಿಕೊಂಡು ಹೋಗುತ್ತಿದ್ದ. ಪಾಪ, ಅಮ್ಮ ಇನ್ನೇನನ್ನು ನಂಬಿಯಾಳು?

ಕಿತ್ತಳೆ ಕೇಕಿನ ಪುಟದ ಕೊನೆಯ ಸಾಲು ಹೀಗಿತ್ತು: "ಓವನ್ ಸಣ್ಣಗಿಟ್ಟು, ಇವರು ಗಡ್ಡ ಮಾಡಿಕೊಂಡು ಮುಗಿಸುವವರೆಗೆ."

ಭಾನುವಾರ ಬೆಳಗ್ಗೆ ಹಿಟ್ಟು ಕಲಸಿ ಓವನ್ನಿಗಿಟ್ಟು, ಬಿಸಿನೀರು, ಬ್ರಷ್ಷು, ರೇಜರ್ ಹಿಡಿದು ಅಪ್ಪನ ಎದುರು ನಿಂತೆ.

"ಅಪ್ಪಾ, ಏಳಿ. ಗಡ್ಡ ಮಾಡ್ಕೊಳ್ಳಿ."

"ಯಾಕೆ? ಹೆಣ್ಣು ನೋಡಿದ್ದೀಯೇನು ನನಗೆ?"

ಮೂರು ತಿಂಗಳಲ್ಲಿ ಅವರಾಡಿದ ಮೊದಲ ತಮಾಷೆ ಅದು. ನಗು ತೋರಿಸಿದರೆ ಹಿಂದೆ ಸರಿದುಬಿಡುತ್ತಾರೆಂದು ಮುಖ ಬಿಗಿಹಿಡಿದೆ. "ಈ ಗಡ್ಡಕ್ಕೆ ಯಾರು ಒಪ್ತಾರೆ? ಮೊದಲು ಏಳಿ."

ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಅವರ ಕನ್ನಡಿ. ನಾನು ಫೋನಿನಲ್ಲಿ ಹೊತ್ತು ನೋಡುತ್ತಾ ಬಾಯಿಗೆ ಬೀಗ ಹಾಕಿಕೊಂಡು ನಿಂತೆ. ಸರಿಯಾಗಿ ಹದಿನಾಲ್ಕು ನಿಮಿಷಕ್ಕೆ ಅಪ್ಪ ಮುಖ ತೊಳೆದುಕೊಂಡರು. ಕೇಕು ಹೊರಗೆ ತೆಗೆದೆ. ಚಾಕು ಚುಚ್ಚಿದರೆ ಹಸಿಹಿಟ್ಟು ಮೆತ್ತಿಕೊಂಡಿತು, ನೋಡುತ್ತಿದ್ದಂತೆ ನಡುಭಾಗ ಕುಸಿದು ಹಳ್ಳವಾಯಿತು. ತಡೆಯಲಾಗಲಿಲ್ಲ, ಅಲ್ಲೇ ನಿಂತು ಅತ್ತುಬಿಟ್ಟೆ.

"ಏನೇ ಆಯ್ತು?" ಅಪ್ಪ ಟವೆಲ್ ಹಿಡಿದೇ ಒಳಗೆ ಬಂದರು.

ಪುಸ್ತಕವನ್ನು ಅವರ ಮುಂದೆ ತಳ್ಳಿದೆ. "ನೀವೇ ಓದಿ. ನಾಳೆ ಊರಿಗೆ ಹೊರಡಬೇಕು ನಾನು, ನಿಮಗೆ ಒಂದು ತುತ್ತು ತಿನ್ನಿಸೋದಕ್ಕೂ ನನ್ನಿಂದ ಆಗ್ಲಿಲ್ಲ. ಇಷ್ಟು ಬೇಗ ಯಾಕೆ ಮುಗಿಸಿದ್ರಿ?"

ಅಪ್ಪ ಕನ್ನಡಕ ಏರಿಸಿ ಆ ಸಾಲು ಓದಿದರು. ಅಮ್ಮನ ಪುಸ್ತಕವನ್ನು ಅವರು ಅದೇ ಮೊದಲು ಮುಟ್ಟಿದ್ದು. ಇನ್ನೊಮ್ಮೆ ಓದಿದರು. ಆಮೇಲೆ ಓವನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು.

"ಅಯ್ಯೋ ಪೆದ್ದೀ," ಎಂದರು. ನನಗಲ್ಲ, ಪುಸ್ತಕಕ್ಕೆ.

"ಏನಪ್ಪಾ?"

"ಅವಳಿಗೆ ಕಾಲು ಒಂದು ಕಡೆ ನಿಲ್ತಾ ಇರಲಿಲ್ಲ. ಭಾನುವಾರ ಕೇಕು ಒಳಗಿಟ್ಟಾಗ ಮಾತ್ರ ಈ ಸ್ಟೂಲ್ ಮೇಲೆ ಕೂರೋಳು. ವಾರವಿಡೀ ಮಾತಿಗೆ ಸಿಗ್ತಿದ್ದದ್ದು ಅದೊಂದೇ ಹೊತ್ತು. ಕೇಕು ಆಗೋವರೆಗೂ ಕೂತಿರ್ತಾಳೆ ಅಂತ ನಾನು ಕೆರೆದ ಕೆನ್ನೆನೇ ಮತ್ತೆ ಕೆರೀತಿದ್ದೆ."

"ಅಮ್ಮ ನೀವು ಮುಗಿಸೋದನ್ನ ಕಾಯ್ತಿದ್ದಳು!"

"ನಾನು ಅವಳು ಏಳೋದನ್ನ ಕಾಯ್ತಿದ್ದೆ."

"ಹಾಗಾದ್ರೆ ಕೇಕು ಬೆಂದಿದ್ದನ್ನ ನೋಡ್ತಿದ್ದದ್ದು ಯಾರು?"

"ಯಾರೂ ಇಲ್ಲ," ಎಂದರು ಅಪ್ಪ. "ಸೀದ ವಾಸನೆ ಬಂದಾಗ ಇಬ್ಬರೂ ಗಾಬರಿಯಿಂದ ಏಳ್ತಿದ್ವಿ."

ಸೀದ ಅಂಚಿನ ಆ ಕಪ್ಪು ತುಂಡಿಗಾಗಿ ಚಿಕ್ಕಂದಿನಲ್ಲಿ ನಾನೂ ನನ್ನ ತಮ್ಮನೂ ಜುಟ್ಟು ಹಿಡಿದು ಜಗಳವಾಡಿದ್ದೆವು. ಅದೇ ಅಮ್ಮನ ಕೈಗುಣ ಎಂದು ನಂಬಿದ್ದೆವು! ನನಗೆ ಎಲ್ಲಿಲ್ಲದ ನಗು ಬಂತು. ಅಪ್ಪನೂ ನಕ್ಕರು, ನಗುತ್ತಲೇ ಟವೆಲಿನಿಂದ ಕಣ್ಣೊರೆಸಿಕೊಂಡರು. ಮೂರು ತಿಂಗಳು ಅವರು ಅತ್ತಿರಲಿಲ್ಲ. ನನಗೆ ದುಃಖವೂ ಆಯಿತು, ಎದೆಯ ಭಾರ ಇಳಿದ ಹಾಗೂ ಆಯಿತು.

ಹಳ್ಳ ಬಿದ್ದ ಕೇಕನ್ನು ಹಾಗೇ ಮತ್ತೆ ಒಳಗೆ ತಳ್ಳಿ ಸ್ಟೂಲಿನ ಮೇಲೆ ಕೂತೆ. "ನಡೀರಿ ಕನ್ನಡಿ ಹತ್ರ."

"ಕೆರೆಯೋಕೆ ಗಡ್ಡ ಎಲ್ಲಿದೆಯೇ?"

"ಸೋಪು ಹಚ್ಕೊಳ್ಳಿ ಸಾಕು."

ಅಪ್ಪ ನುಣ್ಣನೆಯ ಕೆನ್ನೆಗೆ ಮತ್ತೆ ನೊರೆ ಹಚ್ಚಿದರು. ನಾನು ಅಮ್ಮನ ಹಾಗೆ ಶುರುಹಚ್ಚಿಕೊಂಡೆ. ಕಿವಿಯ ಹತ್ತಿರ ಬಿಟ್ಟಿದ್ದೀರಿ, ಊರವರ ಗಡಿಯಾರಕ್ಕಿರುವ ಅದೃಷ್ಟ ಮನೆಯ ನಲ್ಲಿಗಿಲ್ಲವಲ್ಲ, ಇವತ್ತಾದರೂ ರಿಪೇರಿ ಮಾಡುತ್ತೀರೋ ಇಲ್ಲವೋ. ಅವರೂ ಬಿಡಲಿಲ್ಲ, ನಲ್ಲಿ ನಿಮ್ಮಮ್ಮನಷ್ಟೇ ಹಟಮಾರಿ ಎಂದರು, ನಿನ್ನ ನಾಲಿಗೆಯೂ ಅವಳದೇ ಎಂದರು. ಅವರ ಮದುವೆಯ ದಿನ ನನ್ನ ಸೋದರಮಾವ ಹಾಕಿಕೊಂಡಿದ್ದ ಬಿಗಿಯಾದ ಬೂಟಿನ ಕಥೆಗೆ ಬರುವಷ್ಟರಲ್ಲಿ ಮೂಗಿಗೆ ವಾಸನೆ ಬಡಿಯಿತು. ಇಬ್ಬರೂ ಒಟ್ಟಿಗೆ ಓಡಿದೆವು.

ಅಪ್ಪ ನೊರೆಯ ಮುಖದಲ್ಲೇ ಕಪ್ಪು ಅಂಚು ಮುರಿದು ಬಾಯಿಗೆ ಹಾಕಿಕೊಂಡರು.

"ನಡು ಹಳ್ಳ ಬಿದ್ದಿದೆ," ಎಂದರು. "ಸಿಪ್ಪೆ ದಪ್ಪಗೆ ತುರಿದಿದ್ದೀಯ. ಸಕ್ಕರೆ ಸಾಲದು. ಇದನ್ನೇನು ಮನುಷ್ಯರು ತಿಂತಾರೇನೇ?"

ಹಾಗೆಂದು ತಟ್ಟೆ ಮುಂದಕ್ಕೆ ಚಾಚಿದರು.