ಗೋಡೆಗೊಂದು ಒದೆ

"ಹೆಂಡತಿ ಓಡಿಹೋದ್ಮೇಲೆ ಊರು ಸುತ್ತೋಕೆ ಯಾರನ್ನೋ ಬಾಡಿಗೆಗೆ ಹಿಡ್ಕೊಂಡ್ಬಂದ್ಯೇನೋ, ಮಕ್‌ಡಾರಾ? ಅಯ್ಯೋ, ಇವಳು ಅದೇ ಹೆಂಡತಿ! ಕ್ಷಮಿಸಮ್ಮಾ ಮುರಿನ್. ಬೀದಿ ಹೆಸರು ಓದೋಕೂ ತಡವರಿಸೋ ಗೂಳಿ ಜೊತೆ ಹೊರಟಿದ್ದೀಯ, ಹುಷಾರು. ಒಂದೋ ದಾರಿ ತಪ್ಪಿಸ್ತಾನೆ, ಇಲ್ಲಾ ಯಾರದಾದ್ರೂ ಹಲ್ಲು ಉದುರಿಸ್ತಾನೆ."

ಕಡಲೂರು ಗಾಲ್ವೆಯ ಶನಿವಾರದ ಸಂತೆ. ಚರ್ಚಿನ ಗೋಡೆಯುದ್ದಕ್ಕೂ ಬಿಸಿ ಡೋನಟ್‌ಗಾಗಿ ಸಾಲು ನಿಂತಿದ್ದ ಇಪ್ಪತ್ತು ಜನರೂ ತಿರುಗಿ ನೋಡಿದರು. ಇಬ್ಬರು ಮೂವರು ನಕ್ಕೂಬಿಟ್ಟರು. ಮಾತಾಡಿದವನು ಫೆಸ್ಟಸ್, ಮಕ್‌ಡಾರಾನ ಹಳೆಯ ಮೇಸ್ತ್ರಿ. ಅವನ ಮುಂದಿನ ಎರಡು ಹಲ್ಲು ಕಟ್ಟಿಸಿದವು. ಹುಟ್ಟಿನಿಂದ ಬಂದ ಹಲ್ಲುಗಳನ್ನು ಏಪ್ರಿಲ್‌ನಲ್ಲಿ ಒಂದು ಮದುವೆಯ ಊಟದಲ್ಲಿ ನೆಲಕ್ಕೆ ಕೆಡವಿದವನು ಮಕ್‌ಡಾರಾ. ಮರುದಿನವೇ ಮುರಿನ್ ಬಟ್ಟೆ ತುಂಬಿಕೊಂಡು ಕ್ಯಾರರೋ ಹಳ್ಳಿಯಲ್ಲಿದ್ದ ತಾಯಿಯ ಮನೆಗೆ ಹೋಗಿದ್ದಳು.

ಮೂರು ತಿಂಗಳಾದ ಮೇಲೆ ಇವತ್ತು ಬಂದಿದ್ದಳು, ಒಂದೇ ದಿನಕ್ಕೆ. ಬಸ್ಸಿನಿಂದ ಇಳಿಯುತ್ತಲೇ ವಾಪಸ್ ಟಿಕೆಟ್ಟನ್ನು ಅವನ ಮೂಗಿನ ಮುಂದೆ ಹಿಡಿದಿದ್ದಳು.

"ನಾಲ್ಕು ವರ್ಷ ಇದ್ದೂ ನಾನು ಹೋಟೆಲಿನ ಬಟ್ಟೆ ಒಗೆಯೋ ಕೋಣೆ ಬಿಟ್ಟು ಈ ಊರಲ್ಲಿ ಏನೂ ನೋಡ್ಲಿಲ್ಲ. ಇವತ್ತು ನಡೆದು ನೋಡೋಣ. ನಿನ್ನ ಎರಡೂ ಕೈ ಜೇಬಲ್ಲಿರ್ಲಿ. ಒಂದು ಕೈ ಹೊರಗೆ ಬಂತೋ, ಆರು ಗಂಟೆ ಬಸ್ಸಿಗೆ ನಾನು ಹೊರಟೆ. ಮತ್ತೆ ಬರೋದಿಲ್ಲ ಕಣೋ."

ಈಗ ಆ ಕೈಗಳು ಜೇಬಿನೊಳಗೆ ಕಲ್ಲಾಗಿದ್ದವು. ಉಗುರು ಅಂಗೈಗೆ ನೆಟ್ಟಿತ್ತು. ಹದಿನಾಲ್ಕಕ್ಕೆ ಶಾಲೆ ಬಿಟ್ಟವನನ್ನು ಯಾರು ಬೇಕಾದರೂ ಸಂತೆಯಲ್ಲಿ ನಿಲ್ಲಿಸಿ ನಗಬಹುದು ಅನ್ನುವುದು ಯಾವ ದೇವರು ಬರೆದ ಕಾನೂನು? ಅವನ ದವಡೆ ಕುಣಿಯುತ್ತಿತ್ತು. ಆಗಲೇ ಮುರಿನ್ ಒಂದು ಡೋನಟ್ ತಂದು ಅವನ ಬಾಯಿಗೆ ತುರುಕಿದಳು.

"ಅಗಿ. ಮಾತಾಡ್ಬೇಡ."

ಅಗಿದ. ಸಕ್ಕರೆ ಗಲ್ಲಕ್ಕೆಲ್ಲ ಮೆತ್ತಿತು. ಅವಳೇ ಬೆರಳಿನಿಂದ ಒರೆಸಿದಳು. ಮೂರು ತಿಂಗಳಿಂದ ಆ ಬೆರಳು ಅವನನ್ನು ಮುಟ್ಟಿರಲಿಲ್ಲ. ಫೆಸ್ಟಸ್ ಹಿಂದೆ ಇನ್ನೂ ಏನೋ ಅನ್ನುತ್ತಿದ್ದ. ಮಕ್‌ಡಾರಾನಿಗೆ ಅರ್ಧ ಮಾತ್ರ ಕೇಳಿಸಿತು.

ನಡೆದರು. ತಲೆ ಎತ್ತಿ ಊರು ನೋಡುವುದನ್ನು ಅವನೇ ಅವಳಿಗೆ ಕಲಿಸಿದ. ಕೈ ತೋರಿಸುವ ಹಾಗಿಲ್ಲವಲ್ಲ, ಗದ್ದ ಎತ್ತಿ ಎತ್ತಿ ತೋರಿಸಿದ.

"ಅಗೋ, ಆ ಮದ್ದಿನಂಗಡಿ ಮೇಲಿನ ಹೊಗೆ ಚಿಮಣಿ. ಅದು ನಾನು ಕಟ್ಟಿದ್ದು."

"ಸೊಟ್ಟಗಿದೆ."

"ನಿನ್ನ ಕಣ್ಣು ಸೊಟ್ಟ ಕಣೇ! ಪಕ್ಕದ ಮನೆ ಸೊಟ್ಟ ಅದು."

ಅವಳು ಬೀದಿ ನಡುವೆ ನಿಂತು ನಕ್ಕಳು. ಆ ನಗುವಿಗೆ ಅವನು ಊರಿನ ಚಿಮಣಿಗಳನ್ನೆಲ್ಲ ಸೊಟ್ಟಗೆ ಕಟ್ಟಿಕೊಡುತ್ತಿದ್ದ.

ಕ್ಲಾಡಾ ಕೇರಿಯ ದೋಣಿ ದಕ್ಕೆಯಲ್ಲಿ ಹಂಸಗಳು ಗುಂಪುಗೂಡಿದ್ದವು. ಕಡಲಕಳೆಯ ವಾಸನೆ, ಇಳಿತದ ಕೆಸರು. ಹಂಸಗಳಿಗೆ ಬ್ರೆಡ್ ಎಸೆಯುತ್ತಿದ್ದ ಒಬ್ಬ ಮುದುಕಿ ಮುರಿನ್‌ಳನ್ನು ಕೇಳಿದಳು: "ಏನಮ್ಮಾ, ನಿನ್ನ ಗಂಡಂಗೆ ಕೈ ಇಲ್ವಾ?"

"ಇದಾವೆ ಅಜ್ಜೀ. ಬೀಗ ಹಾಕಿಟ್ಟಿದ್ದೀನಿ."

"ಒಳ್ಳೇದು ಮಾಡ್ದೆ. ನಮ್ಮವನಿಗೆ ನಾನು ನಲವತ್ತು ವರ್ಷ ತಡವಾಗಿ ಹಾಕ್ದೆ."

ಅಷ್ಟರಲ್ಲಿ ಮುರಿನ್ ಕುಂಟತೊಡಗಿದ್ದಳು. ಹೊಸ ಶೂ ಹಿಮ್ಮಡಿಯನ್ನು ಕಚ್ಚುತ್ತಿತ್ತು. "ನೀನು ಆ ಕಡೆ ದೋಣಿ ನೋಡು," ಎಂದಳು. ಅವನು ದೋಣಿ ನೋಡಿದ. ಹಿಂದೆ ಬಗ್ಗಿ ಏನೋ ಮಾಡಿಕೊಂಡಳು. ಮತ್ತೆ ಹೊರಟಾಗ ಕುಂಟಲಿಲ್ಲ.

ಅಲ್ಲಿಂದ ಸಾಲ್ಟ್‌ಹಿಲ್‌ವರೆಗೆ ಕಡಲ ದಂಡೆಯುದ್ದ. ಬಲಕ್ಕೆ ಮನೆಗಳು, ಎಡಕ್ಕೆ ಕೊಲ್ಲಿ, ಅದರಾಚೆ ಕ್ಲೇರ್ ಸೀಮೆಯ ಬೋಳು ಗುಡ್ಡಗಳು. ಗಾಳಿ ಎದುರಿನಿಂದ ಒತ್ತುತ್ತಿತ್ತು. ಅವಳು ತಾಯಿಯ ಮನೆಯ ಸುದ್ದಿ ಹೇಳಿದಳು, ಹೊಸ ಕರುವಿನ ಸುದ್ದಿ, ಅಣ್ಣನ ಗೊರಕೆಯ ಸುದ್ದಿ. ಬಸ್ಸಿನ ಮಾತು ಇಬ್ಬರೂ ಎತ್ತಲಿಲ್ಲ. ಅವನು ಮಾತ್ರ ದಾರಿಯಲ್ಲಿ ಸಿಕ್ಕ ಗಡಿಯಾರಗಳನ್ನೆಲ್ಲ ಕದ್ದು ನೋಡಿದ. ನಾಲ್ಕೂವರೆ. ಐದಕ್ಕೆ ಹತ್ತು.

ಜನ ನೀರಿಗೆ ಹಾರುವ ಗೋಪುರದ ಬಳಿ ಬೆಂಚಿನ ಮೇಲೆ ಕೂತಳು. "ಅಪ್ಪಾ, ಸಾಕು," ಎಂದು ಎಡಗಾಲಿನ ಶೂ ಕಿತ್ತಳು. ಹಿಮ್ಮಡಿಯಿಂದ ಮಡಿಸಿದ ಕಾಗದವೊಂದು ನೆಲಕ್ಕೆ ಬಿತ್ತು. ಬೆವರಿಗೆ ಮುದ್ದೆಯಾಗಿತ್ತು. ಅಕ್ಷರವೆಲ್ಲ ಅಳಿಸಿಹೋಗಿ ಬಸ್ಸಿನ ಚಿತ್ರ ಅರ್ಧ ಉಳಿದಿತ್ತು.

ಅವನು ಅದನ್ನೇ ನೋಡಿದ. "ಇದು ವಾಪಸ್ ಟಿಕೆಟ್ಟಲ್ವೇನೇ?"

"ಹೂಂ."

"ಯಾವಾಗ ಇಟ್ಟೆ?"

"ಹಂಸಗಳ ಹತ್ರ. ಕಾಲು ನೋಯ್ತಿತ್ತು."

"ಆಗ ಇನ್ನೂ ಮಧ್ಯಾಹ್ನ! ಸಂಜೆವರೆಗೂ ನಾನು ಏನು ಮಾಡ್ತೀನೋ ಅಂತ ನಿಂಗೆ ಗೊತ್ತಿರ್ಲಿಲ್ಲ."

"ಇರ್ಲಿಲ್ಲ." ಅವಳು ಹಿಮ್ಮಡಿ ಉಜ್ಜಿಕೊಂಡಳು. "ಕೈ ತೆಗಿಯೋ ಇನ್ನ. ನೋಡೋಕಾಗ್ತಿಲ್ಲ."

ತೆಗೆದ. ಅಂಗೈಯಲ್ಲಿ ಉಗುರಿನ ನಾಲ್ಕು ಗುರುತು. ಬಗ್ಗಿ ಅವಳ ಶೂ ಎತ್ತಿಕೊಂಡ, ಮುದ್ದೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ದಂಡೆಯ ಕೊನೆಯಲ್ಲಿ ಗೋಡೆ. ಅಲ್ಲಿಯವರೆಗೆ ನಡೆದವರು ಗೋಡೆಗೊಂದು ಒದೆ ಕೊಟ್ಟು ಹಿಂದಿರುಗಬೇಕು, ಅದು ಊರಿನ ವಾಡಿಕೆ. ಯಾಕೆಂದು ಯಾರೂ ಕೇಳುವುದಿಲ್ಲ, ಒದೆಯದೆ ಯಾರೂ ಹೋಗುವುದಿಲ್ಲ. ಮಕ್‌ಡಾರಾ ಎಷ್ಟೋ ಸಲ ಅದನ್ನು ಒದ್ದಿದ್ದ, ಒಮ್ಮೆ ಹೆಬ್ಬೆರಳು ಮುರಿಯುವಂತೆ. ಗೋಡೆ ಹಾಗೇ ಇತ್ತು. ಮುರಿನ್ ಬರಿಗಾಲಿನಿಂದ ಒದ್ದು "ಆಯ್!" ಎಂದು ಒಂಟಿಕಾಲಲ್ಲಿ ಕುಣಿದಳು.

"ಏನೋ ಗೂಳಿ! ಹೆಂಡತಿ ಬರಿಗಾಲಲ್ಲಿ, ನಿನ್ನ ಕೈಲಿ ಶೂ!"

ಫೆಸ್ಟಸ್. ಈಜಿ ಬಂದು ಒದ್ದೆಯಾಗಿದ್ದ, ಹೆಗಲ ಮೇಲೆ ಟವೆಲ್, ಜೊತೆಗೆ ಗಾರೆ ಕೆಲಸದ ನಾಲ್ಕು ಜನ. "ಬಾರೋ, ಕಟ್ಟಿಸಿದ ಹಲ್ಲು ಇಲ್ಲೇ ಇದಾವೆ. ಈಗ ಉದುರಿಸು ನೋಡೋಣ. ಇಲ್ಲಾ ಮೊದ್ಲು ಅವಳ ಅಪ್ಪಣೆ ಬೇಕಾ?"

ನಾಲ್ವರೂ ಕಾಯುತ್ತಿದ್ದರು. ಈಗ ಅವನನ್ನು ತಡೆಯಲು ಬಸ್ಸಿನ ಬೆದರಿಕೆಯೂ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಮಕ್‌ಡಾರಾ ಫೆಸ್ಟಸ್‌ನನ್ನು ಒಂದು ಕ್ಷಣ ನೋಡಿದ, ಚಳಿಗೆ ನಡುಗುತ್ತಿದ್ದ ಅವನ ಬಿಳಿಚಿದ ಮೊಣಕಾಲುಗಳನ್ನೂ. ಗೋಡೆಯ ಕಡೆ ತಿರುಗಿ ಬೂಟಿನ ತುದಿಯಿಂದ ಮೆಲ್ಲಗೆ ಒಂದು ತಟ್ಟಿದ. ಒಂದು ಕೈಯಲ್ಲಿ ಅವಳ ಶೂ ಇತ್ತು. ಇನ್ನೊಂದರಲ್ಲಿ ಅವಳ ಕೈ ಹಿಡಿದುಕೊಂಡು ಊರಿನ ಕಡೆ ನಡೆದ.