ಚೌರಮ್ಮ ಬಿಟ್ಟ ಮಾತು

ತಪಸ್ಸು ಕಾಲ ಬಂತೆಂದರೆ ಕನಕಪುರದಾಚೆಯ ಆ ಕ್ರೈಸ್ತರ ಕೇರಿಯಲ್ಲಿ ಈಸ್ಟರ್ ಹಬ್ಬದವರೆಗೆ ಎಲ್ಲರೂ ಏನನ್ನಾದರೂ ಬಿಡಬೇಕು. ಇನ್ನಾಸಪ್ಪ ಬೀಡಿ ಬಿಡುತ್ತಿದ್ದ, ಹೆಂಗಸರು ಮಾಂಸ ಬಿಡುತ್ತಿದ್ದರು. ಹೋದ ವರ್ಷ ಚೌರಮ್ಮ ಮಾತು ಬಿಟ್ಟಳು. ಶುಕ್ರವಾರ ಬೆಳಗಾದರೆ, ಸಂಜೆ ಬೈಬಲ್ ಓದಲು ಜನ ಸೇರುವವರೆಗೆ ತುಟಿ ಬಿಚ್ಚುವುದಿಲ್ಲವೆಂದು ಹರಕೆ. ಮಾತು ಬೆಳ್ಳಿ, ಮೌನ ಬಂಗಾರ, ನಿಜ; ಆದರೆ ಚೌರಮ್ಮನಂಥ ಬಾಯಿಬಡುಕಿಗೆ ಅದು ಉಪವಾಸಕ್ಕಿಂತ ಕಷ್ಟ. ಕೇರಿಯೆಲ್ಲ ನಕ್ಕಿತು. ಎಲ್ಲರಿಗಿಂತ ಹೆಚ್ಚು ನಕ್ಕವನು ಅವಳ ಮಗ ಅರುಳಪ್ಪ.

ಅರುಳಪ್ಪನಿಗೆ ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಹೊಲಗಳಿದ್ದ ಕಡೆ ಶೆಡ್ಡುಗಳೆದ್ದು, ಲಾರಿಗಳು ರಸ್ತೆ ತಮ್ಮಪ್ಪನದೆಂಬಂತೆ ಓಡುತ್ತಿದ್ದ ಕಾಲ. ಒಂದು ಶುಕ್ರವಾರ ಬೆಳಿಗ್ಗೆ ಅವನು ಬೈಕ್ ಹತ್ತಿ, "ಬತ್ತೀನಿ ಕಣವ್ವ" ಎಂದ. ಚೌರಮ್ಮ ಒಲೆ ಬಿಟ್ಟು ಬಾಗಿಲಿಗೆ ಬಂದಳು.

"ಹೋಗ್ಬುಟ್ಟು ಬಾ ಅನ್ನವ್ವ. ಯೇಸುಸ್ವಾಮಿ ಏನೂ ಬೇಜಾರ್ ಮಾಡ್ಕಳಕಿಲ್ಲ" ಎಂದು ಕೆಣಕಿದ.

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡು, ಹೋಗು ಎಂದು ಕೈ ಬೀಸಿದಳು. ಅವನು ಹೋದ. ಹಾರೋಹಳ್ಳಿ ತಿರುವಿನಲ್ಲಿ ಲಾರಿ ಬಡಿದು ಅಲ್ಲೇ ಸತ್ತ.

ಬಾಗಿಲಲ್ಲಿ ನಡೆದದ್ದನ್ನು ಅವಳು ಯಾರಿಗೂ ಹೇಳಲಿಲ್ಲ, ಪಾಪನಿವೇದನೆಯಲ್ಲಿ ಫಾದರ್‌ಗೂ ಹೇಳಲಿಲ್ಲ. 

ಈ ವರ್ಷ ಒಂದು ಶುಕ್ರವಾರದ ಓದು ಅವಳ ಮನೆಯಲ್ಲಿ ನಡೆಯಿತು. ಓದಿದ ಮೇಲೆ ಒಬ್ಬೊಬ್ಬರೂ ಮನಸ್ಸಿನ ಮಾತೊಂದನ್ನು ಹೇಳುವುದು ಪದ್ಧತಿ. ಅವತ್ತು ಓದಿದ್ದು ವಿಚಾರಣೆ ನಡೆಸಿದ ಅಧಿಪತಿ ಪಿಲಾತನೆದುರು ಯೇಸು ಸುಮ್ಮನೆ ನಿಂತ ಭಾಗ.

"ಸ್ವಾಮಿ ಬಾಯೇ ಬುಡ್ನಿಲ್ಲ ನೋಡಿ," ಎಂದ ಇನ್ನಾಸಪ್ಪ. "ನಮ್ ಚೌರಮ್ಮನೂ ಹೋದ್ ವರ್ಸ ಅಂಗೇ ಹರಕೆ ತೀರ್ಸುದ್ಲು."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಒಳ್ಳೆಯವರ ಬಾಯಿಗೂ ಕೆಲವೊಮ್ಮೆ ಬೀಗ ಬೇಕು.

"ಸುಮ್ಕಿರಣ್ಣ," ಎಂದಳು ಚೌರಮ್ಮ. "ನನ್ ಮಗ ಬತ್ತೀನಿ ಅಂದ. ಬಾ ಅನ್ನು ಅಂತ ಕೇಳ್ದ. ನಾನು ಕೈ ಬೀಸಿ ಹೋಗು ಅಂದೆ. ಸ್ವಾಮಿಗೋಸ್ಕರ ಅನ್ಕಂಡಿದ್ದೆ. ಸ್ವಾಮಿಗಲ್ಲ ಕಣಣ್ಣ, ನೀವೆಲ್ಲ ನಕ್ಕಿದ್ರಲ್ಲ, ನಿಮ್ ಮುಂದೆ ಗೆಲ್ಬೇಕು ಅಂತ."

ಇನ್ನಾಸಪ್ಪ ಬೈಬಲ್ ಮುಚ್ಚಿ ತಲೆ ತಗ್ಗಿಸಿದ. ಹೊರಡುವಾಗ "ಬತ್ತೀವಿ" ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕಳ್ಳರಂತೆ ಅಂಗಳಕ್ಕಿಳಿದರು.

ಚೌರಮ್ಮ ಎದ್ದು ಬಾಗಿಲಿಗೆ ಬಂದಳು. "ಹೋಗ್ಬುಟ್ಟು ಬನ್ನಿ" ಎಂದು ಒಬ್ಬೊಬ್ಬರಿಗೂ ಹೇಳಿದಳು. ಎಲ್ಲರೂ ಹೋಗಿ ಅಂಗಳ ಬರಿದಾಯಿತು. ಆಮೇಲೂ ಒಂದು ಸಲ ಹೇಳಿದಳು:

"ಹೋಗ್ಬುಟ್ಟು ಬಾ, ಮಗ."