ಲೈನಿಂಗ್ ಬಟ್ಟೆಯ ಮನೆ

ಮೂರನೆಯ ನಕ್ಷೆಯನ್ನೂ ಬೇಡವೆಂದಾಗ ಎಂಜಿನಿಯರ್ ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈ ಜೋಡಿಸಿದ. "ಮಾಸ್ಟ್ರೇ, ನಿಮಗೇನು ಬೇಕು ಅಂತ ನಿಮಗೇ ಗೊತ್ತಾದ ದಿನ ಬನ್ನಿ. ಅಲ್ಲೀತನಕ ನನ್ನನ್ನ ಬಿಟ್ಬಿಡಿ" ಎಂದ. ಅಷ್ಟೇ ಸಾಕಾಯಿತು. ಮೂವತ್ತು ವರ್ಷ ಊರಿನವರ ಮೈಗೆ ಬಟ್ಟೆ ಹೊಲಿದ ಟೈಲರ್ ಮಾಸ್ಟರಿಗೆ, ನನ್ನ ಮನೆಯ ನಕ್ಷೆ ನಾನೇ ಹಾಕಿಕೊಳ್ಳುತ್ತೇನೆ ಎಂಬ ಕೊಂಬು ಮೂಡಿದ್ದು ಆ ಆಫೀಸಿನ ಮೆಟ್ಟಿಲಿಳಿಯುವಾಗಲೇ.

ನಿಜ ಹೇಳಬೇಕೆಂದರೆ ಎಂಜಿನಿಯರ್ ಹಾಕಿದ ನಕ್ಷೆಗಳಲ್ಲಿ ತಪ್ಪೇನೂ ಇರಲಿಲ್ಲ. ಮಾಸ್ಟರಿಗೆ ಅವು ಅರ್ಥವಾಗಿರಲಿಲ್ಲ, ಅಷ್ಟೇ. ಜೀವಮಾನವಿಡೀ ಅವನು ಗೆರೆ ಎಳೆದದ್ದು ಪೂರ್ತಿ ಅಳತೆಯಲ್ಲಿ. ತೋಳು ಇಪ್ಪತ್ತಮೂರು ಇಂಚಾದರೆ ಬಟ್ಟೆಯ ಮೇಲೂ ಇಪ್ಪತ್ತಮೂರೇ ಇಂಚು. ಇಲ್ಲಿ ನೋಡಿದರೆ ಮಲಗುವ ಕೋಣೆ ಬೆಂಕಿಪೆಟ್ಟಿಗೆಯಷ್ಟಿತ್ತು. "ಕಾಲು ಇಂಚು ಅಂದ್ರೆ ಒಂದಡಿ" ಎಂದು ಎಂಜಿನಿಯರ್ ನಾಲ್ಕು ಸಲ ಬಿಡಿಸಿ ಹೇಳಿದ್ದ. ಮಾಸ್ಟರ್ ನಾಲ್ಕು ಸಲವೂ ಗಂಭೀರವಾಗಿ ತಲೆಯಾಡಿಸಿ, ಐದನೆಯ ಸಲ "ಎಲ್ಲಾ ಸರಿ, ಆದ್ರೆ ಇಷ್ಟು ಚಿಕ್ಕದಾದ್ರೆ ನಮ್ಮ ಮಾವ ಕಾಲು ಎಲ್ಲಿ ಚಾಚ್ತಾರೆ?" ಎಂದು ಕೇಳಿದ್ದ. ಈಗ ಅಂಗಡಿಗೆ ಬಂದವರಿಗೆಲ್ಲ ಈ ಕಥೆಯನ್ನು ಅವನೇ ಹೇಳಿಕೊಂಡು ನಗುತ್ತಾನೆ. ಇದಾದ ಮೇಲೆ ನಡೆದದ್ದನ್ನು ಹೇಳುವಾಗ ಮಾತ್ರ ಅವನ ನಗು ಸ್ವಲ್ಪ ಸಣ್ಣಗಾಗುತ್ತದೆ.

"ಮನೆ ಅಂದ್ರೇನು, ಸ್ವಲ್ಪ ದೊಡ್ಡ ಅಂಗಿ" ಎಂದು ಅವತ್ತು ಊಟಕ್ಕೆ ಕೂತಾಗ ಘೋಷಿಸಿದ. "ಒಬ್ಬನ ಬದಲು ಐದು ಜನ ಒಳಗೆ ತೂರ್ಕೋಬೇಕು, ಅಷ್ಟೇ ವ್ಯತ್ಯಾಸ."

"ನಿಮಗೆ ನೀವೇ ಹೊಲ್ಕೊಂಡಿರೋ ಪ್ಯಾಂಟಿಗೆ ಇವತ್ತಿಗೂ ಒಂದು ಕಾಲು ಉದ್ದ ಇದೆ ರೀ" ಎಂದಳು ಹೆಂಡತಿ.

"ಅದು ನನ್ನ ಕಾಲಿನ ತಪ್ಪು."

ಮಾತಿನಲ್ಲಿ ಸೋಲುವ ಜಾಯಮಾನ ಅವನದಲ್ಲ. ಮರುದಿನವೇ ಅಂಗಡಿಯ ಅಳತೆ ಪುಸ್ತಕದಲ್ಲಿ ಹೊಸ ಹಾಳೆ ತೆರೆಸಿದ. ತೆರೆಸಿದ ಎಂದೇ ಹೇಳಬೇಕು, ಏಕೆಂದರೆ ಆ ಪುಸ್ತಕ ಇರುತ್ತಿದ್ದುದು ಅವನ ಅಕ್ಕನ ಕೈಯಲ್ಲಿ. ಅವನಿಗಿಂತ ಏಳು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿ, ಕೈಗೆ ಸೂಜಿ ಕೊಟ್ಟು, ಮೊದಲ ಗುಂಡಿ ಹೊಲಿಯುವುದನ್ನು ಕಲಿಸಿದವಳೇ ಅವಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಇವನದೊಂದು ದಡ ಮುಟ್ಲಿ" ಎನ್ನುತ್ತಿದ್ದಳು. ಇವನು ದಡ ಮುಟ್ಟಿ, ಮದುವೆಯಾಗಿ, ಮಗಳನ್ನು ಕಾಲೇಜಿಗೆ ಕಳಿಸುವಷ್ಟು ದೊಡ್ಡವನಾದರೂ ಅವಳು ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿಗಳಿಗೆ ಕಾಜಾ ಹಾಕುತ್ತ, ಅಂಚು ಮಡಿಸುತ್ತ, ಅಳತೆ ಬರೆಯುತ್ತಲೇ ಇದ್ದಳು. ಟೇಪು ಹಿಡಿದು ಮಾಸ್ಟರ್ ಕೂಗುವುದು, ಅಕ್ಕ ಬರೆದುಕೊಳ್ಳುವುದು. ಕೈಯಲ್ಲಿ ಟೇಪಿದ್ದವನು ಪೆನ್ನು ಮುಟ್ಟುವಂತಿಲ್ಲ, ಪೆನ್ನಿದ್ದವಳು ಟೇಪು ಮುಟ್ಟುವಂತಿಲ್ಲ. ಅಂಗಡಿಯ ಈ ಕಾನೂನು ಅಲ್ಲಿಯವರೆಗೆ ಒಂದು ಅಂಗಿಯನ್ನೂ ಕೆಡಿಸಿರಲಿಲ್ಲ.

ಬಾಡಿಗೆ ಮನೆಯಲ್ಲಿ ಅವಳು ಮಲಗುತ್ತಿದ್ದುದು ಮುಂದಿನ ಕೋಣೆಯಲ್ಲಿ, ಹಳೆಯ ಹೊಲಿಗೆ ಯಂತ್ರಕ್ಕೂ ಬಟ್ಟೆಯ ಬೀರುವಿಗೂ ನಡುವೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಹಾಸಿಗೆ ಸುತ್ತಿ ಬೀರುವಿನ ಹಿಂದಕ್ಕೆ ತಳ್ಳಿದಳೆಂದರೆ, ಅಲ್ಲಿ ಒಬ್ಬರು ಮಲಗಿದ್ದರೆಂದು ಯಾರೂ ಹೇಳುವಂತಿರಲಿಲ್ಲ.

ಅಳತೆಯ ಕಾರ್ಯಕ್ರಮ ಒಂದು ವಾರ ನಡೆಯಿತು. ಮೊದಲು ಮಾವ. ಬಸ್ ಕಂಡಕ್ಟರಾಗಿ ನಿವೃತ್ತರಾದ ಮಾವನವರನ್ನು ಮಧ್ಯಾಹ್ನದ ನಿದ್ದೆಯಲ್ಲೇ ಅಳೆಯಲಾಯಿತು. "ಉದ್ದ ಅರವತ್ತೇಳು. ಕಾಲು ಅಗಲಿಸಿದಾಗ ನಲವತ್ತೊಂದು" ಎಂದು ಮಾಸ್ಟರ್ ಕೂಗಿದ. ಆ ಕೂಗಿಗೆ ಎಚ್ಚರವಾದ ಮಾವ, "ಅಳಿಯಂದ್ರೇ, ನನಗೆ ಬಾಗಿಲ ಹತ್ರದ ಕೋಣೇನೇ ಕೊಡಿ. ಇಳಿಯೋಕೆ ಸುಲಭ" ಎಂದು ಮತ್ತೆ ಮಗ್ಗುಲಾದರು. ಆಮೇಲೆ ಹೆಂಡತಿಯ ಸರದಿ. ಕೈ ಎತ್ತಿದರೆ ಯಾವ ಅಟ್ಟಣೆಗೆ ನಿಲುಕುತ್ತದೆ, ಒಲೆಯಿಂದ ತೊಟ್ಟಿಗೆ ಎಷ್ಟು ಹೆಜ್ಜೆ, ಸಿಟ್ಟು ಬಂದಾಗ ಪಾತ್ರೆ ಕುಕ್ಕಲು ಎಷ್ಟು ಅಗಲದ ಕಟ್ಟೆ ಬೇಕು, ಎಲ್ಲವೂ ದಾಖಲಾಯಿತು. ಮಗಳು ಓಡಾಡುತ್ತಲೇ ಓದುವವಳು. "ಓದುವ ನಡಿಗೆ ಹನ್ನೊಂದು ಅಡಿ, ತಿರುಗೋಕೆ ಎರಡು" ಎಂದು ಕೂಗಿದಾಗ ಅವಳಿಗೆ ಪುಸ್ತಕ ಕೈಜಾರುವಷ್ಟು ನಗು. ಕಡೆಗೆ ತನ್ನದೇ ಅಳತೆ. ತನ್ನ ವಿಷಯ ಬಂದಾಗ ಮಾಸ್ಟರನ ಟೇಪು ಅದು ಹೇಗೋ ಉದಾರವಾಗುತ್ತಿತ್ತು. ತಾನೂ ಹೆಂಡತಿಯೂ ಮಲಗುವ ಕೋಣೆಯಲ್ಲದೆ ಮನೆಯಲ್ಲೂ ಒಂದು ಕೆಲಸದ ಕೋಣೆ, ಅದರಲ್ಲಿ ಕಟಿಂಗ್ ಟೇಬಲ್, ಟೇಬಲಿನ ಸುತ್ತ ಯೋಚನೆ ಮಾಡುತ್ತ ನಡೆಯಲು ಜಾಗ: ಹದಿನಾಲ್ಕಡಿ, ಹನ್ನೆರಡಡಿ. ಮನೆಯಲ್ಲಿ ಅದಕ್ಕಿಂತ ದೊಡ್ಡ ಕೋಣೆ ಇನ್ನೊಂದಿರಲಿಲ್ಲ.

ಒಬ್ಬೊಬ್ಬರಿಗೆ ಒಂದೊಂದು ಪುಟ. ಅಕ್ಕನ ಅಕ್ಷರ ದುಂಡಗೆ, ಒಂದು ಚಿತ್ತೂ ಇಲ್ಲದೆ ಸಾಲಾಗಿ ಕೂತಿತ್ತು. ಮನೆಯಲ್ಲಿ ಐದು ಜನ, ಪುಸ್ತಕದಲ್ಲಿ ನಾಲ್ಕು ಪುಟ. ಒಂದನೇ ಕ್ಲಾಸಿನ ಮಗುವೂ ಬೆರಳು ಮಡಿಸಿ ಹೇಳಬಹುದಾದ ಲೆಕ್ಕ ಇದು. ಮಾಸ್ಟರ್ ಆ ನಾಲ್ಕು ಪುಟ ತಿರುವಿ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಅಕ್ಕ ಐದನೆಯ ಪುಟ ತಿರುವಿ, ಪೆನ್ನು ಹಿಡಿದೇ ಸ್ವಲ್ಪ ಹೊತ್ತು ಕಾದಳು.

"ಇನ್ನೇನಾದ್ರೂ ಇದೆಯೇನೋ?"

"ಎಲ್ಲಾ ಮುಗೀತಲ್ಲ ಅಕ್ಕ. ಪುಸ್ತಕ ಮುಚ್ಚು."

ಅವಳು ಪೆನ್ನಿಗೆ ಕ್ಯಾಪು ಹಾಕಿ ಪುಸ್ತಕ ಮುಚ್ಚಿದಳು.

ಭಾನುವಾರ ಬೆಳಿಗ್ಗೆ ಖಾಲಿ ಸೈಟಿನಲ್ಲಿ ಮನೆ ಎದ್ದಿತು. ಎದ್ದಿತು ಎನ್ನುವುದಕ್ಕಿಂತ ಮಲಗಿತು ಎನ್ನಬೇಕು. ಅಂಗಡಿಯಲ್ಲಿ ವರ್ಷಗಟ್ಟಲೆ ಉಳಿದಿದ್ದ ಲೈನಿಂಗ್ ಬಟ್ಟೆಯನ್ನೆಲ್ಲ ನಾಲ್ಕಿಂಚಿನ ಪಟ್ಟಿಗಳಾಗಿ ಹರಿದು, ಒಂದಕ್ಕೊಂದು ಜೋಡಿಸಿ, ನೆಲದ ಮೇಲೆ ಪೂರ್ತಿ ಅಳತೆಯಲ್ಲಿ ಹಾಸಿ ಮೊಳೆ ಹೊಡೆದಿದ್ದರು. ಪಟ್ಟಿಗಳನ್ನು ಕೂತು ಜೋಡಿಸಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ. ಮಾವನ ಕೋಣೆ ಕೆಂಪು, ಅಡುಗೆಮನೆ ಹಸಿರು, ಮಗಳದು ಹಳದಿ, ಮಾಸ್ಟರನದು ಕೋಟಿಗೆ ಹಾಕುವ ಹೊಳೆಯುವ ನೀಲಿ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ, ಬಟ್ಟೆ ಒಣಹಾಕಿದ್ದಾರೆಂದುಕೊಂಡು ಮುಂದೆ ಹೋಗುತ್ತಿದ್ದರು.

ಎಂಜಿನಿಯರನ್ನೂ ಕರೆಸಿದ್ದ. ತನಗೇನು ಬೇಕೆಂದು ತನಗೆ ಗೊತ್ತಿದೆಯೆಂದು ತೋರಿಸುವುದು ಬೇಡವೇ? ಆ ಯುವಕ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಬಂದು, ಎಲ್ಲವನ್ನೂ ಸುತ್ತಿ ನೋಡಿ, ಪಟ್ಟಿಯೊಂದನ್ನು ಕಾಲಲ್ಲಿ ಮುಟ್ಟಿ ಕೇಳಿದ, "ಇದು ಗೋಡೇನಾ?"

"ಹೌದು."

"ಗೋಡೆ ದಪ್ಪ ಒಂಬತ್ತು ಇಂಚು ಮಾಸ್ಟ್ರೇ. ಅದನ್ನ ಬಿಟ್ಟಿಲ್ವಲ್ಲ ನೀವು."

ಹೊಲಿಗೆಗೆ ಅಂಚು ಬಿಡದೆ ಕತ್ತರಿಸಿದರೆಂದು ಮೂರು ಜನ ಕೆಲಸಗಾರರನ್ನು ಮನೆಗೆ ಕಳಿಸಿದ ಮಹಾನುಭಾವ ಈತ. ಇಂಗು ತಿಂದ ಮಂಗನ ಹಾಗೆ ನಿಂತ. ಗೋಡೆಗೆ ಜಾಗ ಮಾಡಿಸುವವರಂತೆ ಮಾವ "ಹಿಂದಕ್ಕೆ ಸರೀರಿ, ಹಿಂದಕ್ಕೆ ಸರೀರಿ" ಎಂದು ಹಳೆಯ ಗಂಟಲು ತೆಗೆದರು. ಎಲ್ಲರೂ ನಕ್ಕರು, ಅಕ್ಕನೂ ನಕ್ಕಳು.

"ಅದನ್ನ ಆಮೇಲೆ ನೋಡ್ಕೊಳ್ಳೋಣ" ಎಂದು ಮಾಸ್ಟರ್ ಮಾತು ಮರೆಸಿದ. "ಈಗ ಟ್ರಯಲ್! ಎಲ್ರೂ ಅವರವರ ಜಾಗಕ್ಕೆ ಹೋಗಿ ನಿಂತ್ಕೊಳ್ಳಿ. ಎಲ್ಲಿ ಹಿಡಿಯುತ್ತೆ, ಎಲ್ಲಿ ಸಡಿಲ ಅಂತ ಹೇಳಿ."

ಮಾವ ಕೆಂಪಿನೊಳಗೆ ಕಾಲು ಅಗಲಿಸಿ ಮಲಗಿಯೇ ಬಿಟ್ಟರು. ಹೆಂಡತಿ ಹಸಿರಿನಲ್ಲಿ ನಿಂತು ಇಲ್ಲದ ಅಟ್ಟಣೆಗೆ ಕೈ ಚಾಚಿದಳು. ಮಗಳು ಹಳದಿಯಲ್ಲಿ ಹನ್ನೊಂದು ಅಡಿ ನಡೆದು ತಿರುಗಿದಳು. ಮಾಸ್ಟರ್ ನೀಲಿಯ ನಟ್ಟನಡುವೆ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದ. ಮೂವತ್ತು ವರ್ಷದಲ್ಲಿ ಇಷ್ಟು ಚೆಂದ ಕೂತ ಉಡುಪನ್ನು ಅವನು ಹೊಲಿದೇ ಇರಲಿಲ್ಲ.

ಅಕ್ಕ ಮೊಳೆಯ ಡಬ್ಬಿ ಹಿಡಿದು ಪಟ್ಟಿಯ ಆಚೆ ನಿಂತಿದ್ದಳು.

"ಅಮ್ಮಾ, ನಿಮ್ಮ ರೂಮು ಯಾವುದು?" ಎಂಜಿನಿಯರ್ ಸುಮ್ಮನೆ ಕೇಳಿದ. ಅವನಿಗೆ ಅದೊಂದು ಮಾಮೂಲಿ ಪ್ರಶ್ನೆ.

"ನಂದಾ?" ಎಂದಳು ಅಕ್ಕ. "ನಾನು ಅಳತೆ ಬರೆಯೋಳು ಕಣಪ್ಪ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಮಾಸ್ಟರಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಹಳದಿಯಲ್ಲಿ ಮಗಳ ನಡಿಗೆ ನಿಂತಿತು. ಹೆಂಡತಿಯ ಕೈ ಮೇಲೆಯೇ ಉಳಿಯಿತು. ಮಾವ ಎದ್ದು ಕೂತರು.

"ಅಕ್ಕಂಗೆ... ಮುಂದಿನ ಕೋಣೆ ಇದೆಯಲ್ಲ" ಎಂದ ಮಾಸ್ಟರ್. ಬಾಯಿಂದ ಹೊರಬಿದ್ದ ಮಾತನ್ನು ಹಿಡಿದು ಒಳಕ್ಕೆ ತುರುಕಿಕೊಳ್ಳುವಂತಿದ್ದರೆ ಅಲ್ಲೇ ತುರುಕಿಕೊಳ್ಳುತ್ತಿದ್ದ. "ದೊಡ್ಡದಾಗೇ ಇದೆ. ಗಾಳಿ ಬರುತ್ತೆ."

"ಹೂಂ, ಅಲ್ಲಾದ್ರೆ ನನಗೆ ಅಭ್ಯಾಸಾನೂ ಇದೆ" ಎಂದಳು ಅಕ್ಕ.

"ಅಪ್ಪ, ಅತ್ತೆ ಪುಟ ಎಲ್ಲಿ?" ಮಗಳು ಪುಸ್ತಕ ಎತ್ತಿಕೊಂಡಿದ್ದಳು.

"ನೀವು ಅಕ್ಕ ತಮ್ಮ ಕೂತು ಬರೆದಿದ್ದಲ್ವಾ ರೀ?" ಹೆಂಡತಿ ಹಸಿರಿನಿಂದ ಹೊರಬಂದಳು. "ಅತ್ತಿಗೇದೇ ಮೊದಲನೇ ಪುಟ ಇರುತ್ತೆ ಅಂದ್ಕೊಂಡು ನಾನು ತೆರೆದು ಕೂಡ ನೋಡ್ಲಿಲ್ಲ."

ಮಾಸ್ಟರಿಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯೆಂದರೆ ಕಿವಿ ಬಿಸಿಯಾಗಿ, ಅಷ್ಟು ದೊಡ್ಡ ನೀಲಿಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಅನ್ನಿಸಿತು. ಬೀದಿಯಲ್ಲಿ ಹೋಗುವವನ ಕುತ್ತಿಗೆ ದೂರದಿಂದ ನೋಡಿಯೇ ಹದಿನೈದೂವರೆ ಎಂದು ಹೇಳಬಲ್ಲ ಕಣ್ಣು ಅವನದು. ಆ ಕಣ್ಣಿಗೆ ದಿನವೆಲ್ಲ ಮೂರು ಅಡಿ ದೂರದಲ್ಲಿ ಕೂತವಳು ಕಂಡಿರಲಿಲ್ಲ. ಥೂ ನಿನ್ನ, ನೀನೂ ಒಬ್ಬ ಮಾಸ್ಟರಾ ಎಂದು ಒಳಗೇ ಬೈದುಕೊಂಡ. ಅಕ್ಕನ ಪೆನ್ನು ಐದನೆಯ ಪುಟದ ಮೇಲೆ ಯಾಕೆ ನಿಂತಿತ್ತೆಂದು ಅವನಿಗೆ ಈಗ ಹೊಳೆಯಿತು. ಕೂಗಿದ್ದನ್ನು ಬರೆಯುವುದಷ್ಟೇ ಅವಳ ಕೆಲಸ. ಇವನು ಕೂಗಲಿಲ್ಲ, ಅವಳು ಬರೆಯಲಿಲ್ಲ.

ಟೇಪು ತೆಗೆದುಕೊಂಡು ಪಟ್ಟಿ ದಾಟಿ ಅವಳ ಮುಂದೆ ನಿಂತ. "ಅಕ್ಕ, ಎಷ್ಟು ಬೇಕು ಹೇಳು."

"ನಂಗೇನೋ ಬೇಕು? ಹಾಸಿಗೆ ಬಿಚ್ಚೋಷ್ಟು ಜಾಗ."

ಅವಳು ನೆಲದ ಮೇಲೆ ಕಾಲಿನಿಂದ ಗೆರೆ ಎಳೆದು ತೋರಿಸಿದಳು. ಮಾಸ್ಟರ್ ಟೇಪು ಹಿಡಿದ. ಆರಡಿ, ಮೂರಡಿ.

"ಇದು ಕೋಣೆ ಅಲ್ಲ ಅಕ್ಕ, ದಿಂಬಿನ ಚೀಲ" ಎಂದು, ಕೂತು ನೀಲಿ ಪಟ್ಟಿಯ ಮೊಳೆಗಳನ್ನು ಕೀಳತೊಡಗಿದ.

"ಅಳಿಯಂದ್ರೇ, ನನ್ನಿಂದ್ಲೂ ಎರಡಡಿ ತಗೊಳ್ಳಿ" ಎಂದರು ಮಾವ. "ಸರ್ವೀಸೆಲ್ಲಾ ನಿಂತೇ ಕಳೆದೋನು ನಾನು."

"ಬೇಡ ಮಾವ. ಪೂರ್ತಿ ಇಲ್ಲೇ ಇದೆ."

"ನಿನ್ನ ಕಟಿಂಗ್ ಟೇಬಲ್ಲೋ?" ಎಂದಳು ಅಕ್ಕ.

"ಅಂಗಡೀಲಿ ಇದೆಯಲ್ಲ. ನಾನು ಮನೆ ಕತ್ತರಿಸಿದ್ದು ಹೇಗಿದೆ ಅಂತ ನೋಡ್ತಿದ್ದೀಯಲ್ಲ ನೀನೇ."

ಅಕ್ಕ ಬೇಡ ಎಂದಳು, ಇಷ್ಟೆಲ್ಲ ಯಾಕೆ ಎಂದಳು, ಬಂದು ಅವನ ಕೈ ಹಿಡಿದು ತಡೆಯಲೂ ನೋಡಿದಳು. ಹೆಂಡತಿ ಅವಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಅರ್ಧ ಗಂಟೆಯಲ್ಲಿ ಕೆಲಸದ ಕೋಣೆ ಹೋಗಿ, ಅಲ್ಲೊಂದು ಮಲಗುವ ಕೋಣೆಯೂ ಪಕ್ಕಕ್ಕೆ ಸಣ್ಣ ಬಚ್ಚಲೂ ಬಂದವು. ಈ ಸಲ ಗೋಡೆಗೆ ಒಂಬತ್ತು ಇಂಚು ಬಿಡಲಾಯಿತು.

"ಕಿಟಕಿ ಯಾವ ಕಡೆ ಇಡ್ಲಿ ಅಮ್ಮಾ?" ಎಂದು ಎಂಜಿನಿಯರ್ ಕಾಗದ ತೆಗೆದ.

ಅಕ್ಕ ಬಾಗಿಲಿಗೆಂದು ಬಿಟ್ಟಿದ್ದ ಜಾಗದ ಕಡೆ ನೋಡಿದಳು. "ಕಿಟಕಿ ನಿಮ್ಮಿಷ್ಟ. ಬಾಗಿಲಿಗೆ ಒಳಗಡೆಯಿಂದ ಒಂದು ಚಿಲಕ ಇರ್ಲಿ."

"ಚಿಲಕ ಯಾಕಕ್ಕ? ಮನೇಲಿರೋದು ನಾವು ನಾವೇ ತಾನೇ" ಎಂದ ಮಾಸ್ಟರ್. ಅಷ್ಟೆಲ್ಲ ಆದ ಮೇಲೂ ಅವನಿಗೆ ಬುದ್ಧಿ ಬಂದಿರಲಿಲ್ಲ.

"ಇಪ್ಪತ್ತಾರು ವರ್ಷದಿಂದ ಬೀರು ಬಾಗಿಲು ತೆಗೆದಿಟ್ಕೊಂಡು, ಅದರ ಮರೇಲಿ ಬಟ್ಟೆ ಬದಲಾಯಿಸ್ತಿದ್ದೀನಿ ಕಣೋ" ಎಂದಳು ಅಕ್ಕ. "ಯಾರಾದ್ರೂ ಈ ಕಡೆ ಬಂದ್ಬಿಟ್ರೆ ಅಂತ ಕೆಮ್ಮುತ್ತಾ ಇರ್ತೀನಿ."

ಅಕ್ಕನಿಗೆ ಬೆಳಗಿನ ಹೊತ್ತು ಕೆಮ್ಮು ಎಂಬುದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಮಾಸ್ಟರ್ ಎರಡು ಸಲ ಔಷಧಿಯ ಬಾಟಲಿಯನ್ನೂ ತಂದುಕೊಟ್ಟಿದ್ದ. ಅವಳು ಎರಡನ್ನೂ ಕುಡಿದು ಮುಗಿಸಿದ್ದಳು. ಅಂಗಡಿಯಲ್ಲಿ ಐದು ನಿಮಿಷ ಅಂಗಿ ಹಾಕಿ ನೋಡುವ ಗಿರಾಕಿಗೆ ಕನ್ನಡಿ, ಪರದೆ, ಮೊಳೆಯ ಮೇಲೆ ಹ್ಯಾಂಗರು, ಎಲ್ಲವನ್ನೂ ಮಾಡಿಸಿಟ್ಟವನು ತಾನು. ಹೆಂಡತಿ ಅಳುತ್ತಿದ್ದಳು. ಎಂಜಿನಿಯರ್ ತಲೆ ತಗ್ಗಿಸಿಕೊಂಡು ಕಾಗದದ ಮೇಲೆ ಚಿಲಕ ಎಂದು ಬರೆದು ಅಡಿಗೆರೆ ಎಳೆದ.

"ಹೋಗಿ ನೋಡು ಅಕ್ಕ" ಎಂದ ಮಾಸ್ಟರ್ ಕಡೆಗೆ. "ಟ್ರಯಲ್."

ಅಕ್ಕ ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಪಟ್ಟಿ ದಾಟದೆ, ಬಾಗಿಲಿಗೆಂದು ಬಿಟ್ಟಿದ್ದ ಜಾಗದಿಂದಲೇ ಒಳಗೆ ಹೋದಳು. ನಾಲ್ಕೂ ಮೂಲೆ ನೋಡಿದಳು. ಹಿಂದಿರುಗಿ ಬಂದು, ಅಲ್ಲಿಲ್ಲದ ಬಾಗಿಲನ್ನು ಎರಡೂ ಕೈಯಲ್ಲಿ ಎಳೆದು ಮುಚ್ಚಿ, ಅಲ್ಲಿಲ್ಲದ ಚಿಲಕವನ್ನು ಹಾಕಿದಳು. ಆಮೇಲೆ ಅವರೆಲ್ಲರಿಗೂ ಬೆನ್ನು ಮಾಡಿ ನೆಲದ ಮೇಲೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿದಳು.

ಬಿಸಿಲು ಏರುತ್ತಿತ್ತು. ಎಂಜಿನಿಯರ್ ಹೊರಟುಹೋದ. ಮಾವ ಎರಡು ಸಲ ಗಡಿಯಾರ ನೋಡಿಕೊಂಡರು. ಮಗಳು ಉಳಿದ ಪಟ್ಟಿಗಳನ್ನೆಲ್ಲ ಸುತ್ತಿಟ್ಟಳು. ಅಕ್ಕ ಏಳಲಿಲ್ಲ. ಮಾಸ್ಟರ್ ಬಾಗಿಲಿನ ಜಾಗಕ್ಕೆ ಬಂದು, ಒಂದು ಹೆಜ್ಜೆ ಇಟ್ಟರೆ ಒಳಗಿರುವಷ್ಟು ಹತ್ತಿರ ನಿಂತ.

"ಅಕ್ಕಾ, ಹೊರಡೋಣ್ವಾ?"

"ಆಮೇಲೆ ಬಾರೋ" ಎಂದಳು ಅಕ್ಕ, ತಿರುಗಿ ನೋಡದೆ.

ಮಾಸ್ಟರ್ ಬಾಗಿಲಾಚೆಯೇ ನಿಂತು ಕಾದ.